ಮನಸ್ಸಿನ ಭಾರವೂ ಹೃದಯದ ಬೇನೆಯೂ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ರಜೆ, ಇರಲು ಖೋಲಿ, ಇವುಗಳ ವಿಷಯವಾಗಿ ನಾವು ಈ ವೇದಿಕೆಯಲ್ಲಿ ಎಷ್ಟೋ ಸಲ ಮಾತನಾಡಿದ್ದೇವೆ. ಇಂದು ಎತ್ತಿಕೊಂಡಿರುವ ವಿಷಯ ಅವುಗಳಿಂದ ಬೇರೆಯದೆಂದು ಮೇಲ್ನೋಟಕ್ಕೆ ತೋರಬಹುದು. ಒಳಹೊಕ್ಕು ನೋಡಿದರೆ ಅದು ಅವುಗಳಿಗೆ ಅಂಟಿಕೊಂಡೇ ಇದೆ. ಮನಸ್ಸಿನ ಚಿಂತೆಗೂ ಹೃದ್ರೋಗಕ್ಕೂ ಇರುವ ನಂಟು ಇಂದಿನ ವಿಷಯ. ನಾವು ವೈದ್ಯರಲ್ಲ. ಬಲ್ಲವರು ಕಂಡುಕೊಂಡು ಬರೆದಿರುವುದನ್ನು ಓದಿ, ದುಡಿಯುವವರ ಬಾಳಿಗೆ ಅದು ಹೇಗೆ ಹೊಂದುತ್ತದೆಂದು ಯೋಚಿಸಿ, ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುತ್ತೇವೆ.

ಈ ಮಾತು ಈಗ ಏಕೆ ಬೇಕೆಂದು ಕೇಳಬಹುದು. ಹಲವು ದೇಶಗಳಲ್ಲಿ ಒಟ್ಟಿಗೆ ನಡೆಸಿದ ಒಂದು ಅಧ್ಯಯನದ ಲೆಕ್ಕ 2007ರಲ್ಲಿ ಪ್ರಕಟವಾಯಿತು. ಬೇರೆ ದೇಶಗಳವರಿಗೆ ಮೊದಲನೆಯ ಹೃದಯಾಘಾತ ಸುಮಾರು 59ನೆಯ ವಯಸ್ಸಿನಲ್ಲಿ ಆಗುತ್ತಿದ್ದರೆ, ಭಾರತವೂ ಸೇರಿದಂತೆ ದಕ್ಷಿಣ ಏಷ್ಯದವರಿಗೆ ಅದು 53ಕ್ಕೇ ಬರುತ್ತಿದೆಯೆಂದು ಅದರಿಂದ ತಿಳಿದುಬಂದಿತು. 53ನೆಯ ವಯಸ್ಸೆಂದರೆ ನಮ್ಮಂಥವರ ಮನೆಯಲ್ಲಿ ಎಂಥ ಕಾಲ? ಮಗನ ಓದು ಮುಗಿದಿಲ್ಲ, ಮಗಳ ಮದುವೆ ಆಗಿಲ್ಲ, ಊರಿನ ಮನೆಯ ಮಾಡು ಅರ್ಧಕ್ಕೆ ನಿಂತಿದೆ. ಆ ಹೊತ್ತಿನಲ್ಲಿ ದುಡಿಯುವ ಒಬ್ಬನ ಎದೆ ನಿಂತರೆ ಒಂದು ಸಂಸಾರದ ಒಲೆಯೇ ಆರಿದಂತೆ.

ಹಿಂದಿನವರು ಬಲ್ಲದ್ದು

ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರವೆಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಹೆದರಿದಾಗ ಎದೆ ಝಲ್ಲೆಂದಿತು ಎನ್ನುತ್ತೇವೆ, ದುಃಖವಾದಾಗ ಎದೆ ಒಡೆಯಿತು ಎನ್ನುತ್ತೇವೆ, ಧೈರ್ಯ ಕಳೆದುಕೊಂಡವನನ್ನು ಎದೆಗುಂದಿದ ಎನ್ನುತ್ತೇವೆ. ಮನಸ್ಸಿಗೆ ಆದದ್ದನ್ನೆಲ್ಲ ಎದೆಯ ಲೆಕ್ಕಕ್ಕೆ ಬರೆಯುವುದು ನಮ್ಮ ಮಾತಿನ ರೂಢಿ. ಇದು ಬರಿಯ ಅಲಂಕಾರವಲ್ಲ. ರಕ್ತವು ದೇಹದಲ್ಲಿ ಸುತ್ತಿ ಬರುತ್ತದೆಂದು 1628ರಲ್ಲಿ ತೋರಿಸಿಕೊಟ್ಟ ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯನೂ, ಮನಸ್ಸಿನ ಸುಖದುಃಖಗಳು, ಆಸೆ ಅಂಜಿಕೆಗಳು ಹೃದಯದವರೆಗೆ ಮುಟ್ಟುತ್ತವೆಯೆಂದು ಅದೇ ಗ್ರಂಥದಲ್ಲಿ ಬರೆದನು.

ಜಾನ್ ಹಂಟರ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಕಥೆ ಇನ್ನೂ ಸ್ಪಷ್ಟ. ಆತನಿಗೆ ಆಗಾಗ ಎದೆ ಹಿಂಡುವ ನೋವು ಬರುತ್ತಿತ್ತು. ತನ್ನನ್ನು ರೇಗಿಸಬೇಕೆಂದು ಹೊರಟ ಯಾವ ಪೋಕರಿಯ ಕೈಯಲ್ಲಾದರೂ ತನ್ನ ಪ್ರಾಣ ಇದೆಯೆಂದು ಆತನೇ ಹೇಳುತ್ತಿದ್ದನಂತೆ. 1793ರ ಅಕ್ಟೋಬರ್ 16ರಂದು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಆಡಳಿತ ಸಭೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಆತ ಸಿಟ್ಟನ್ನು ನುಂಗಿಕೊಂಡು ಪಕ್ಕದ ಕೋಣೆಗೆ ಹೋದವನು ಅಲ್ಲಿಯೇ ಕುಸಿದು ತೀರಿಕೊಂಡನು. ರೋಗವನ್ನು ಬಲ್ಲವನಿಗೂ ಸಿಟ್ಟಿನಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

ಒಳಗೆ ಏನಾಗುತ್ತದೆ?

ನಮ್ಮ ಮುಷ್ಟಿಯ ಗಾತ್ರದ ಈ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅದಕ್ಕೆ ವಾರದ ರಜೆಯಿಲ್ಲ, ಪಾಳಿ ಬದಲಾವಣೆಯಿಲ್ಲ. ತಾನು ದೇಹಕ್ಕೆಲ್ಲ ರಕ್ತ ಒತ್ತಿದರೂ ತನ್ನ ಸ್ನಾಯುವಿಗೆ ಬೇಕಾದ ರಕ್ತಕ್ಕೆ ಅದು ಸಣ್ಣ ರಕ್ತನಾಳಗಳನ್ನೇ ನೆಚ್ಚಿಕೊಂಡಿದೆ. ಆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಸ್ನಾಯು ಸಾಯತೊಡಗುತ್ತದೆ. ಅದೇ ಹೃದಯಾಘಾತ.

ಈಗ ಚಿಂತೆ ಅಲ್ಲಿಗೆ ಹೋಗಿ ಮುಟ್ಟುವ ದಾರಿಯನ್ನು ನೋಡೋಣ. ಕಾಡಿನಲ್ಲಿ ಹುಲಿ ಎದುರಾದರೆ ಮನುಷ್ಯ ಓಡಬೇಕು, ಇಲ್ಲವೆ ಹೋರಾಡಬೇಕು. ಅದಕ್ಕಾಗಿ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಯಕೃತ್ತು ಸಕ್ಕರೆಯನ್ನು ಬಿಡುತ್ತದೆ, ಗಾಯವಾದರೆ ಬೇಗ ನಿಲ್ಲಲೆಂದು ರಕ್ತ ಬೇಗ ಹೆಪ್ಪುಗಟ್ಟುವಂತಾಗುತ್ತದೆ. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಏರ್ಪಾಡನ್ನು ವಿವರಿಸಿದನು. ಹುಲಿ ಹೋದಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ಆದ್ದರಿಂದ ಇದು ಪ್ರಾಣ ಉಳಿಸುವ ಏರ್ಪಾಡೇ ಸರಿ.

ಆದರೆ ನಮ್ಮ ಹುಲಿ ಹೋಗುವ ಹುಲಿಯಲ್ಲ. ಸಾಲದ ಕಂತು ತಿಂಗಳು ತಿಂಗಳೂ ಬರುತ್ತದೆ. ಗಲ್ಲಾದ ಮೇಲಿಂದ ಬರುವ ಗದರಿಕೆ ದಿನವೂ ಇದೆ. ನಾಳೆ ಕೆಲಸವಿದೆಯೋ ಇಲ್ಲವೋ ಎಂಬ ಅಂಜಿಕೆ ಬದಲಿ ಕೆಲಸಗಾರನ ತಲೆದಿಂಬಿನಡಿಯೇ ಮಲಗಿರುತ್ತದೆ. ಹೀಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಚ್ಚರದಲ್ಲಿಯೇ ಇರಿಸಿದ ದೇಹದಲ್ಲಿ ಕಾರ್ಟಿಸಾಲ್ ಎಂಬ ಇನ್ನೊಂದು ರಸವೂ ಏರುಪೇರಾಗುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆಗೆ ಹಾದಿಯಾಗುತ್ತದೆ, ರಕ್ತನಾಳಗಳ ಒಳಪದರ ಕೆಡುತ್ತದೆ. ಕೆಟ್ಟ ಜಾಗದಲ್ಲಿ ಕೊಬ್ಬು ಅಂಟಿ ಉರಿಯೂತವಾಗುತ್ತದೆ. ಯಾವುದೇ ಯಂತ್ರವನ್ನು ಹಗಲೂ ರಾತ್ರಿಯೂ ಪೂರ್ತಿ ವೇಗದಲ್ಲಿಯೇ ಓಡಿಸಿದರೆ ಅದರ ಬೇರಿಂಗು ಸವೆಯುತ್ತದೆಂದು ಗಿರಣಿಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ. 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 293 ಜನರ ಮಿದುಳನ್ನು ಯಂತ್ರದಿಂದ ಪರೀಕ್ಷಿಸಿ ನೋಡಲಾಯಿತು. ಭಯವನ್ನು ಗುರುತಿಸುವ ಮಿದುಳಿನ ಭಾಗ ಯಾರಲ್ಲಿ ಹೆಚ್ಚು ಚುರುಕಾಗಿತ್ತೋ ಅವರ ರಕ್ತನಾಳಗಳಲ್ಲಿ ಉರಿಯೂತ ಹೆಚ್ಚಿತ್ತು, ಮುಂದೆ ಹೃದ್ರೋಗವೂ ಅವರಿಗೇ ಹೆಚ್ಚಾಗಿ ಬಂದಿತು.

ಎರಡನೆಯ ದಾರಿ ನಮ್ಮ ಕಣ್ಣೆದುರಿನದೇ. ಚಿಂತೆಯಾದಾಗ ಬೀಡಿಗೆ ಕೈಹೋಗುತ್ತದೆ, ತಂಬಾಕು ಬಾಯಿಗೆ ಬೀಳುತ್ತದೆ. ರಾತ್ರಿ ನಿದ್ದೆ ಬರಲೆಂದು ಕುಡಿತ ಮೊದಲಾಗುತ್ತದೆ. ಬಿ.ಪಿ. ಗುಳಿಗೆ ತರುವುದು ಮರೆತುಹೋಗುತ್ತದೆ. ಮನಸ್ಸು ಸೋತವನಿಗೆ ನಡೆದಾಡುವ ಇಚ್ಛೆಯಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುವ ಇಚ್ಛೆಯಿಲ್ಲ. ಮೊದಲನೆಯ ದಾರಿ ಒಳಗಿನಿಂದ ಕೊರೆದರೆ ಎರಡನೆಯದು ಹೊರಗಿನಿಂದ ಕೊರೆಯುತ್ತದೆ.

ಅಪರೂಪವಾದ ಮೂರನೆಯ ದಾರಿಯೊಂದಿದೆ. ತೀರಾ ಹತ್ತಿರದವರ ಸಾವಿನಂಥ ದೊಡ್ಡ ಆಘಾತವಾದಾಗ, ರಕ್ತನಾಳ ಮುಚ್ಚದೆಯೇ ಹೃದಯದ ಒಂದು ಭಾಗ ತಾತ್ಕಾಲಿಕವಾಗಿ ಬಲಗುಂದಿ ಉಬ್ಬಿಕೊಳ್ಳುತ್ತದೆ. 1990ರಲ್ಲಿ ಇದನ್ನು ವರ್ಣಿಸಿದ ಜಪಾನಿನ ವೈದ್ಯರು, ಉಬ್ಬಿದ ಹೃದಯದ ಆಕಾರ ತಮ್ಮ ಬೆಸ್ತರು ಅಷ್ಟಪದಿಯನ್ನು ಹಿಡಿಯುವ ಮಡಕೆಯಂತೆ ಕಂಡುದರಿಂದ ‘ಟಾಕೋಟ್ಸುಬೊ’ ಎಂದು ಅದೇ ಮಡಕೆಯ ಹೆಸರಿಟ್ಟರು. ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು. ಸರಿಯಾದ ಆರೈಕೆಯಿದ್ದರೆ ಬಹಳ ಮಂದಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಎದೆ ಒಡೆಯಿತೆಂಬ ಮಾತಿಗೆ ವೈದ್ಯಶಾಸ್ತ್ರವೇ ಸಾಕ್ಷಿ ನುಡಿದಂತಾಯಿತು.

ಇದು ಧಣಿಗಳ ರೋಗವೇ?

ಹೃದ್ರೋಗವೆಂದರೆ ಕುರ್ಚಿಯಲ್ಲಿ ಕೂತು ತುಪ್ಪ ತಿನ್ನುವವರ ಕಾಯಿಲೆ, ಬೆವರು ಸುರಿಸುವವನಿಗೆ ಅದು ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ವಿಜ್ಞಾನಿಗಳೂ ಒಂದು ಕಾಲಕ್ಕೆ ಇದರ ಹತ್ತಿರದ ಮಾತನ್ನೇ ಆಡಿದರು. ಅಮೆರಿಕದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬ ಹೃದ್ರೋಗ ವೈದ್ಯರ ದವಾಖಾನೆಗೆ ಕುರ್ಚಿಗಳ ಬಟ್ಟೆ ಬದಲಿಸಲು ಬಂದ ಕೆಲಸಗಾರನೊಬ್ಬ, ಎಲ್ಲ ಕುರ್ಚಿಗಳೂ ಮುಂದಿನ ಅಂಚಿನಲ್ಲಿಯೇ ಸವೆದಿರುವುದನ್ನು ಕಂಡು ಆಶ್ಚರ್ಯಪಟ್ಟನಂತೆ. ರೋಗಿಗಳು ಆತುರದಿಂದ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದುದೇ ಅದಕ್ಕೆ ಕಾರಣ. ಸದಾ ಅವಸರಪಡುವ, ಪೈಪೋಟಿಯ ಸ್ವಭಾವದವರಿಗೆ ಹೃದ್ರೋಗ ಹೆಚ್ಚೆಂದು ಆ ವೈದ್ಯರು 1959ರಲ್ಲಿ ಬರೆದರು. ದೊಡ್ಡ ಹುದ್ದೆಯವರ ರೋಗವೆಂಬ ಮಾತಿಗೆ ಇದರಿಂದ ಇನ್ನಷ್ಟು ಬಲ ಬಂದಿತು. ಮುಂದಿನ ಅಧ್ಯಯನಗಳಲ್ಲಿ ಈ ವಾದ ಅಷ್ಟಾಗಿ ನಿಲ್ಲಲಿಲ್ಲ.

ಅದನ್ನು ತಲೆಕೆಳಗು ಮಾಡಿದ್ದು ಲಂಡನ್ನಿನ ಸರಕಾರಿ ಕಚೇರಿಗಳಲ್ಲಿ 1967ರಲ್ಲಿ ಆರಂಭವಾದ ‘ವೈಟ್‌ಹಾಲ್’ ಅಧ್ಯಯನ. ಸುಮಾರು 18,000 ಗಂಡಸು ನೌಕರರನ್ನು ವರ್ಷಗಟ್ಟಲೆ ಗಮನಿಸಲಾಯಿತು. ಮೈಕೆಲ್ ಮಾರ್ಮಟ್ ಮತ್ತು ಜೊತೆಯವರು ಲೆಕ್ಕ ಹಾಕಿ ನೋಡಿದರೆ, ಎಲ್ಲರಿಗಿಂತ ಕೆಳಗಿನ ದರ್ಜೆಯ ಜವಾನರು ಹೃದ್ರೋಗದಿಂದ ಸಾಯುವ ಪ್ರಮಾಣ ಎಲ್ಲರಿಗಿಂತ ಮೇಲಿನ ಅಧಿಕಾರಿಗಳ ಮೂರು ಪಟ್ಟಿಗೂ ಹೆಚ್ಚಾಗಿತ್ತು! ಧೂಮಪಾನ, ರಕ್ತದೊತ್ತಡ, ಕೊಬ್ಬು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಅಂತರದ ದೊಡ್ಡ ಪಾಲು ಹಾಗೆಯೇ ಉಳಿಯಿತು. 1985ರಲ್ಲಿ ಮತ್ತೆ 10,308 ಗಂಡಸರನ್ನೂ ಹೆಂಗಸರನ್ನೂ ಸೇರಿಸಿಕೊಂಡು ಎರಡನೆಯ ಅಧ್ಯಯನ ನಡೆಯಿತು. ತನ್ನ ಕೆಲಸದ ರೀತಿ, ವೇಗ, ಹೊತ್ತು ಇವುಗಳಲ್ಲಿ ತನ್ನ ಮಾತೇನೂ ನಡೆಯದವನಿಗೆ ಹೃದ್ರೋಗ ಹೆಚ್ಚೆಂದು 1997ರಲ್ಲಿ ಪ್ರಕಟವಾದ ಅದರ ವರದಿ ತಿಳಿಸಿತು.

ಇದನ್ನು ನಮ್ಮ ಹೋಟೆಲಿಗೆ ಹೊಂದಿಸಿ ನೋಡಿ. ಮಧ್ಯಾಹ್ನದ ಊಟದ ಹೊತ್ತು. ಗಿರಾಕಿ ‘ಎಷ್ಟು ಹೊತ್ತು?’ ಎಂದು ಕೂಗುತ್ತಾನೆ. ಒಳಗೆ ಭಟ್ಟರು ‘ಕೈ ಎರಡೇ ಇರುವುದು’ ಎನ್ನುತ್ತಾರೆ. ಗಲ್ಲಾದಿಂದ ಧಣಿಗಳ ಕಣ್ಣು. ತಿಂಡಿ ತಡವಾದದ್ದು ಸಪ್ಲೈಯರನ ತಪ್ಪಲ್ಲ, ಆದರೆ ಮೂರು ಕಡೆಯ ಮಾತೂ ಬೀಳುವುದು ಅವನ ಮೇಲೆಯೇ. ಕೆಲಸ ಬೆಟ್ಟದಷ್ಟು, ಅಧಿಕಾರ ಸಾಸಿವೆಯಷ್ಟೂ ಇಲ್ಲ. ಇಂಥ ಕೆಲಸವೇ ಮೈಮನಸ್ಸುಗಳನ್ನು ಹೆಚ್ಚು ತಿನ್ನುವುದೆಂದು ರಾಬರ್ಟ್ ಕರಾಸೆಕ್ ಎಂಬ ಸಂಶೋಧಕ 1979ರಲ್ಲಿಯೇ ವಾದಿಸಿದ್ದನು. ದುಡಿದಷ್ಟಕ್ಕೆ ತಕ್ಕ ಪಗಾರ, ಮನ್ನಣೆ, ಭದ್ರತೆ ಸಿಗದಿರುವುದೂ ಹೃದಯಕ್ಕೆ ಕೇಡೆಂದು ಜರ್ಮನಿಯ ಯೊಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಬರೆದನು. ಕಾರ್ಮಿಕ ಸಂಘಗಳು ಹಿಂದಿನಿಂದ ಕೇಳುತ್ತ ಬಂದದ್ದನ್ನೇ ಈ ಪಂಡಿತರು ಇನ್ನೊಂದು ಬಾಗಿಲಿನಿಂದ ಬಂದು ಹೇಳಿದರು.

2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನವನ್ನೂ ಹೇಳಬೇಕು. 52 ದೇಶಗಳಲ್ಲಿ ಸುಮಾರು 30,000 ಜನರನ್ನು ಇದರಲ್ಲಿ ವಿಚಾರಿಸಲಾಯಿತು. ಇದರ ಮುಂದಾಳು ಸಲೀಂ ಯೂಸುಫ್ ಅವರು ಕೇರಳದಲ್ಲಿ ಹುಟ್ಟಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಹೃದಯಾಘಾತಕ್ಕೆ ಹೊಣೆಯಾದ ಒಂಬತ್ತು ಮುಖ್ಯ ಕಾರಣಗಳನ್ನು ಅವರು ಗುರುತಿಸಿದರು. ತಂಬಾಕು, ರಕ್ತದ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇವುಗಳ ಸಾಲಿನಲ್ಲಿಯೇ ಮನಸ್ಸಿನ ಒತ್ತಡವೂ ಕುಳಿತಿದೆ. ಕೆಲಸದಲ್ಲಿ ಸದಾಕಾಲ ಒತ್ತಡವಿದೆಯೆಂದವರಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚಾಗಿ ಕಂಡುಬಂದಿತು.

ದುಡಿಮೆಯ ತಾಸುಗಳ ಲೆಕ್ಕವೂ ಇದೆ. ವಾರಕ್ಕೆ 35ರಿಂದ 40 ತಾಸು ದುಡಿಯುವವರಿಗಿಂತ 55 ತಾಸು ಅಥವಾ ಅದಕ್ಕೂ ಹೆಚ್ಚು ದುಡಿಯುವವರು ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟೂ, ಅವರಿಗೆ ಪಾರ್ಶ್ವವಾಯು ಬಡಿಯುವ ಅಪಾಯ ಶೇಕಡಾ 35ರಷ್ಟೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಒಟ್ಟಾಗಿ ಸಾರಿದವು. ಬೆಳಗಿನ ಐದಕ್ಕೆ ಒಲೆ ಹಚ್ಚಿ ರಾತ್ರಿ ಹನ್ನೊಂದಕ್ಕೆ ನೆಲ ತೊಳೆಯುವವನು ತನ್ನ ವಾರದ ತಾಸುಗಳನ್ನು ತಾನೇ ಎಣಿಸಿಕೊಳ್ಳಲಿ. ಪಾಳಿ ಕೆಲಸದವರಲ್ಲಿ ಹೃದಯಾಘಾತ ಸುಮಾರು ಶೇಕಡಾ 23ರಷ್ಟು ಹೆಚ್ಚೆಂದು 2012ರ ಒಂದು ವರದಿ ಹೇಳಿತು.

ಇನ್ನು ಕೆಲಸವೇ ಹೋದವನ ಪಾಡೇನು? 1982ರ ಜನವರಿ 18ರಂದು ಆರಂಭವಾದ ಮುಂಬಯಿಯ ಗಿರಣಿ ಮುಷ್ಕರವನ್ನೂ ಅದರ ಹಿಂದೆ ಒಂದೊಂದಾಗಿ ಮುಚ್ಚಿದ ಗಿರಣಿಗಳನ್ನೂ ನಮ್ಮ ಹಿರಿಯರು ಮರೆತಿಲ್ಲ. ಭೋಂಗಾ ನಿಂತಮೇಲೂ ಪಾಳಿಯ ಹೊತ್ತಿಗೆ ಎಚ್ಚರವಾಗುವ, ಎದ್ದು ಹೋಗಲು ಜಾಗವಿಲ್ಲದ ಮನುಷ್ಯನ ಸಂಕಟ ಜೇಬಿನದು ಮಾತ್ರವಲ್ಲ. ಕೆಲಸ ಕಳೆದುಕೊಂಡವರಲ್ಲಿ ಹೃದಯಾಘಾತ ಹೆಚ್ಚೆಂದು ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿದೆ.

ಹೃದಯ ನೊಂದರೆ ಮನಸ್ಸೂ ನೋಯುತ್ತದೆ

ಈ ನಂಟು ಒಂದೇ ಕಡೆಯದಲ್ಲ. ಹೃದಯಾಘಾತವಾಗಿ ಉಳಿದುಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಎಂಬ ಮನಸ್ಸಿನ ಕಾಯಿಲೆ ಹಿಡಿಯುತ್ತದೆ. ‘ಇನ್ನು ನಾನು ಭಾರ ಎತ್ತುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ, ಮನೆಯವರಿಗೆ ಹೊರೆಯಾದೆ’ ಎಂಬ ಕೊರಗು ಅದು. ಕೆನಡದ ಮಾಂಟ್ರಿಯಲ್ ನಗರದ ನ್ಯಾನ್ಸಿ ಫ್ರೇಶರ್-ಸ್ಮಿತ್ ಮತ್ತು ಜೊತೆಯವರು 222 ರೋಗಿಗಳನ್ನು ಗಮನಿಸಿ 1993ರಲ್ಲಿ ಬರೆದ ವರದಿ ವೈದ್ಯಲೋಕವನ್ನೇ ಎಚ್ಚರಿಸಿತು. ಆಸ್ಪತ್ರೆಯಲ್ಲಿದ್ದಾಗಲೇ ಖಿನ್ನರಾಗಿದ್ದವರು ಆರು ತಿಂಗಳೊಳಗೆ ಸಾಯುವ ಸಂಭವ ಉಳಿದವರ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಹೃದಯಾಘಾತವಾದವರಿಗೆ ಖಿನ್ನತೆಯೂ ಒಂದು ಅಪಾಯಕಾರಣವೆಂದು ಪರಿಗಣಿಸಬೇಕೆಂದು ಅಮೆರಿಕದ ಹೃದಯ ಸಂಘದ ತಜ್ಞರ ಸಮಿತಿ 2014ರಲ್ಲಿ ಶಿಫಾರಸು ಮಾಡಿತು.

ಇದಕ್ಕೆ ಚಿಕಿತ್ಸೆಯುಂಟು. ಸರ್ಟ್ರಲೀನ್ ಎಂಬ ಔಷಧ ಹೃದಯಾಘಾತವಾದವರಿಗೂ ಅಪಾಯಕರವಲ್ಲವೆಂದು 2002ರ ಒಂದು ಪರೀಕ್ಷೆಯಲ್ಲಿ ಕಂಡುಬಂದಿತು. ಇದ್ದದ್ದನ್ನು ಇದ್ದಂತೆ ಹೇಳಬೇಕಾದರೆ, ಸುಮಾರು 2,500 ರೋಗಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ, ಮನಸ್ಸಿನ ಚಿಕಿತ್ಸೆಯಿಂದ ರೋಗಿಗಳ ಖಿನ್ನತೆ ತಗ್ಗಿತಾದರೂ ಸಾವಿನ ಸಂಖ್ಯೆ ತಗ್ಗಲಿಲ್ಲ. ಹಾಗಾದರೆ ಚಿಕಿತ್ಸೆ ಏಕೆ? ಬದುಕಿರುವಷ್ಟು ದಿನ ಬದುಕಿದಂತೆ ಬದುಕಬೇಕಲ್ಲ, ಅದಕ್ಕೆ. ಮನಸ್ಸು ಎದ್ದು ಕುಳಿತವನು ಗುಳಿಗೆ ತಪ್ಪಿಸುವುದಿಲ್ಲ, ನಡೆದಾಡುತ್ತಾನೆ, ಬೀಡಿ ಬಿಡುವ ಮನಸ್ಸು ಮಾಡುತ್ತಾನೆ. ಮನಸ್ಸಿನ ಔಷಧವನ್ನು ಹೃದಯದ ಔಷಧದ ಜೊತೆಗೆ ತೆಗೆದುಕೊಳ್ಳಬೇಕು, ಅದಕ್ಕೆ ಬದಲಾಗಿ ಅಲ್ಲ.

ಗುರುತಿಸುವುದು ಹೇಗೆ?

ನಮ್ಮ ಗಂಡಸರು ‘ನನಗೆ ದುಃಖವಾಗಿದೆ’ ಎಂದು ಬಾಯಿಬಿಟ್ಟು ಹೇಳುವವರಲ್ಲ. ‘ಸುಸ್ತು ಮಾರಾಯ’ ಎನ್ನುತ್ತಾರೆ, ‘ತಲೆ ಭಾರ’ ಎನ್ನುತ್ತಾರೆ. ಬೆಳಗಿನ ಮೂರಕ್ಕೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆಯಿಲ್ಲ. ಊಟ ರುಚಿಸುವುದಿಲ್ಲ. ಸಣ್ಣ ಮಾತಿಗೆ ರೇಗುತ್ತಾರೆ. ಊರಿಗೆ ಫೋನು ಮಾಡುವುದು ನಿಲ್ಲುತ್ತದೆ. ಯಕ್ಷಗಾನವಿದ್ದರೂ ಭಜನೆಯಿದ್ದರೂ ಬರುವುದಿಲ್ಲ. ಇಂಥ ಲಕ್ಷಣಗಳು ಎರಡು ವಾರಕ್ಕೂ ಹೆಚ್ಚು ಉಳಿದರೆ ಅದು ಸೋಮಾರಿತನವಲ್ಲ, ಹುಚ್ಚೂ ಅಲ್ಲ. ವೈದ್ಯರಿಗೆ ತೋರಿಸಬೇಕಾದ ಕಾಯಿಲೆ. ‘ನಾನಿಲ್ಲದಿದ್ದರೇ ಒಳ್ಳೆಯದು’ ಎಂಬ ಮಾತು ಬಾಯಿಂದ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಕರೆದುಕೊಂಡು ಹೋಗಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಎಲ್ಲಕ್ಕಿಂತ ಒತ್ತಿ ಹೇಳುತ್ತೇವೆ. ಎದೆಯ ನಡುವೆ ಹಿಂಡಿದಂತೆ ನೋವು, ಅದು ಎಡಗೈಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ಇವು ಕಂಡಾಗ ‘ಏನಿಲ್ಲ, ಗ್ಯಾಸು’ ಎಂದು ಸೋಡಾ ಕುಡಿದು ಮಲಗಬಾರದು. ‘ಅವನಿಗೆ ಟೆನ್ಶನ್ ಅಷ್ಟೇ’ ಎಂದು ಬದಿಯವರೂ ತಳ್ಳಿಹಾಕಬಾರದು. ಅತಿಯಾದ ಗಾಬರಿಯಿಂದಲೂ ಹೀಗಾಗುವುದುಂಟು, ಆದರೆ ಯಾವುದು ಯಾವುದೆಂದು ಖೋಲಿಯಲ್ಲಿ ಕುಳಿತು ತೀರ್ಮಾನಿಸಲಾಗದು. ಇ.ಸಿ.ಜಿ. ತೆಗೆಯುವ ಆಸ್ಪತ್ರೆಗೆ ತಡಮಾಡದೆ ಹೋಗಬೇಕು. ಮೊದಲ ತಾಸಿನಲ್ಲಿ ಉಳಿಸಿಕೊಂಡ ಸ್ನಾಯುವನ್ನು ಮರುದಿನ ಎಷ್ಟು ಹಣ ಕೊಟ್ಟರೂ ಕೊಳ್ಳಲಾಗದು.

ನಾವು ಮಾಡಬೇಕಾದದ್ದು

ಬಂಧುಗಳೇ, ಚಿಂತೆ ಬಿಡು ಎಂದು ಹೇಳುವುದು ಸುಲಭ. ಚಿಂತೆಗೆ ಕಾರಣ ಹಾಗೆಯೇ ಇರುವಾಗ ಅದನ್ನು ಬಿಡುವುದು ಹೇಗೆ? ಆದುದರಿಂದ ಕೆಲಸವನ್ನು ಮೂರು ಪಾಲು ಮಾಡಿಕೊಳ್ಳೋಣ.

ಮೊದಲನೆಯದು ಪ್ರತಿಯೊಬ್ಬರ ಪಾಲು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ ತಪಾಸಣೆ ಮಾಡಿಸಿಕೊಳ್ಳಿ. ಇ.ಎಸ್.ಐ. ಸೌಲಭ್ಯವಿದ್ದವರು ಅದನ್ನು ಬಳಸಿ. ತಂಬಾಕು ಬಿಡಿ. ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆಯಿರಿ. ಹೋಟೆಲಿನಲ್ಲಿ ದಿನವಿಡೀ ಓಡಾಡುವುದು ಬೇರೆ, ನಿಶ್ಚಿಂತೆಯಿಂದ ನಡೆಯುವುದು ಬೇರೆ. ಮನಸ್ಸಿಗೂ ಹೃದಯಕ್ಕೂ ಏಕಕಾಲಕ್ಕೆ ಹಿತವಾದ ಮದ್ದು ಇದೊಂದೇ ಪುಕ್ಕಟೆ ಸಿಗುವುದು.

ಎರಡನೆಯದು ಜೊತೆಗಾರರ ಪಾಲು. ಒಂದು ಖೋಲಿಯಲ್ಲಿ ಎಂಟು ಹತ್ತು ಜನ ಮಲಗುತ್ತೇವೆ, ಆದರೂ ಒಬ್ಬನ ಒಳಗುದಿ ಇನ್ನೊಬ್ಬನಿಗೆ ತಿಳಿಯುವುದಿಲ್ಲ. ಬುದ್ಧಿ ಹೇಳಲು ಹೋಗದೆ ಕೇಳಿಸಿಕೊಳ್ಳುವ ಒಂದು ಕಿವಿ ಬೇಕು. ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಎಂಬ ಏರ್ಪಾಡಿನಲ್ಲಿ 14416 ಸಂಖ್ಯೆಗೆ ಹಗಲಿರುಳು ಪುಕ್ಕಟೆಯಾಗಿ ಫೋನು ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೆ ಮಾರ್ಗದರ್ಶಿ. ದೂರದ ಊರಿನಲ್ಲಿ ದುಡಿಯುವವನಿಗೆ ಮನಸ್ಸಿನ ಮಾತನ್ನು ತಾಯಿನುಡಿಯಲ್ಲಿ ಹೇಳಿಕೊಳ್ಳುವ ಅವಕಾಶ ಸಣ್ಣದಲ್ಲ. ಸರಕಾರದ ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ವಿಮೆ ಕೊಡುವವರು ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಗೂ ಭೇದ ಮಾಡಬಾರದೆಂದೂ ಅದರಲ್ಲಿದೆ.

ಮೂರನೆಯದು ಸಂಘದ ಪಾಲು. ವಾರಕ್ಕೊಂದು ದಿನ ಪೂರ್ತಿ ರಜೆ, ದುಡಿಮೆಗೆ ಮಿತಿ, ಊಟದ ಬಿಡುವು, ಮಲಗಲು ಗಾಳಿಯಿರುವ ಜಾಗ, ಕೆಲಸದ ಭದ್ರತೆ, ನಾಲ್ಕು ಜನರ ಮುಂದೆ ಬೈಯದಿರುವ ಮರ್ಯಾದೆ, ಇವನ್ನು ನಾವು ಇದುವರೆಗೆ ಹಕ್ಕುಗಳೆಂದು ಕೇಳಿದ್ದೇವೆ. ಇನ್ನು ಮುಂದೆ ಹೃದಯದ ಔಷಧವೆಂದೂ ಕೇಳೋಣ. ಧಣಿಗಳಿಗೂ ನಮ್ಮ ವಿನಂತಿ ಇದೇ. ಪಾಳಿಯ ಹಂಚಿಕೆ ಮಾಡುವಾಗ ಕೆಲಸಗಾರರನ್ನೊಂದು ಮಾತು ಕೇಳಿದರೆ ಕೈಯಿಂದ ಕಾಸು ಖರ್ಚಾಗುವುದಿಲ್ಲ. ಹೃದಯಾಘಾತವಾಗಿ ಮರಳಿ ಬಂದವನನ್ನು ಮನೆಗಟ್ಟದೆ ಹಗುರಾದ ಕೆಲಸಕ್ಕೆ ಹಾಕಿದರೆ ಒಂದು ಮನೆ ಉಳಿಯುತ್ತದೆ.

ಈ ಸಭೆಯಿಂದ ಒಂದು ಕೆಲಸವಾದರೂ ಹೊರಡಲಿ ಎಂಬುದು ನಮ್ಮ ಇಚ್ಛೆ. ತಿಂಗಳಿಗೊಮ್ಮೆ ಸಂಘದ ಕಚೇರಿಯಲ್ಲಿ ರಕ್ತದೊತ್ತಡದ ತಪಾಸಣೆ ನಡೆಯಲಿ. ಅದೇ ದಿನ ಕಷ್ಟ ಹೇಳಿಕೊಳ್ಳುವವರ ಮಾತು ಕೇಳಲು ಇಬ್ಬರು ಹಿರಿಯರು ಕುಳಿತಿರಲಿ. ಯಂತ್ರಕ್ಕೆ ಸಾವಿರ ರೂಪಾಯಿ ಬೇಕಾದೀತು, ಕಿವಿಗೆ ಅದೂ ಬೇಡ. ಈ ಸೂಚನೆಯನ್ನು ಕಾರ್ಯಕಾರಿ ಸಮಿತಿಯ ಮುಂದಿಟ್ಟು, ನಮ್ಮ ಮಾತನ್ನು ಮುಗಿಸುತ್ತೇವೆ.